ದುರ್ಗಸಿಂಹನ ಸಂಧಿವಿಚಾರ

ರಾಜನೀತಿಯನ್ನು ಕುರಿತು ಮಾತಾಡಿದ ಕವಿಗಳು ಕನ್ನಡದಲ್ಲಿ ಅನೇಕರುಂಟು. ಆದರೆ ಪರರಾಷ್ಟ್ರವ್ಯವಹಾರವೇ ತನ್ನ ಉದ್ಯೋಗವಾಗಿದ್ದು, ಹಗಲೆಲ್ಲ ಅರಸರ ಓಲೆಗಳನ್ನು ಬರೆದು ಓದಿ, ಉಳಿದ ಹೊತ್ತಿನಲ್ಲಿ ಕಾವ್ಯಕ್ಕೆ ಕೈಯಿಕ್ಕಿದವರು ಬಹು ವಿರಳ. ಅಂಥವರಲ್ಲಿ ದುರ್ಗಸಿಂಹನು ಮುಖ್ಯನು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಜಗದೇಕಮಲ್ಲ ಜಯಸಿಂಹನಲ್ಲಿ ಆತನು ಸಂಧಿವಿಗ್ರಹಿಯಾಗಿದ್ದನು. ಈಗಿನ ಮಾತಿನಲ್ಲಿ ಹೇಳುವುದಾದರೆ ವಿದೇಶಾಂಗ ಮಂತ್ರಿ. ಆತನ ‘ಪಂಚತಂತ್ರ’ವು ಕ್ರಿ. ಶ. 1031ರಲ್ಲಿ ಮುಗಿಯಿತು. ಆತನ ಊರು ಕಿಸುಕಾಡುನಾಡಿನ ಸಯ್ಯಡಿಯೆಂಬ ಅಗ್ರಹಾರ. ಅದು ಇಂದಿನ ರೋಣ ತಾಲೂಕಿನ ಸವಡಿಯೆಂದು ವಿದ್ವಾಂಸರು ಗೊತ್ತುಮಾಡಿರುವರು. ಅಂದಮೇಲೆ ಸವಡಿ, ಸೂಡಿ, ಗಜೇಂದ್ರಗಡ, ಪುರ್ತಗೇರಿಗಳ ನೆರೆಹೊರೆಯವರಾದ ನಾವು ಆತನನ್ನು ನಮ್ಮ ಸೀಮೆಯವನೆಂದು ಹೇಳಿಕೊಳ್ಳುವುದರಲ್ಲಿ ತಪ್ಪಿಲ್ಲ. ಹೇಳಿಕೊಳ್ಳುವುದೇನೋ ನಡೆದಿದೆ, ಓದುವುದು ಮಾತ್ರ ಹಿಂದೆ ಬಿದ್ದಿದೆ.

ಪುರ್ತಗೇರಿಯ ವಾಚಕಮಹಾಶಯರೊಬ್ಬರು ಈ ಪತ್ರಿಕೆಗೆ ಕಾಗದ ಬರೆದು, ಜಗತ್ತಿನ ಶಾಂತಿಗೆ ಒಂದು ರಾಷ್ಟ್ರವು ಮಾಡತಕ್ಕುದೇನೆಂಬ ವಿಷಯದಲ್ಲಿ ನಮ್ಮ ಹಳೆಯ ಕವಿಗಳ ಅಭಿಪ್ರಾಯವೇನಾದರೂ ಉಂಟೇ ಎಂದು ಕೇಳಿರುವರು. ಈ ಪ್ರಶ್ನೆಯನ್ನು ದುರ್ಗಸಿಂಹನ ಮುಂದಿಡುವುದು ಯುಕ್ತವೆಂದು ತೋರುತ್ತದೆ. ಆದರೆ ಅದಕ್ಕೆ ಮೊದಲು ಎರಡು ಬಗೆಯ ಅವಸರದ ತೀರ್ಪುಗಳನ್ನು ಬದಿಗೊತ್ತಬೇಕು. ಸಭೆಗಳಲ್ಲಿ ಆತನನ್ನು ಶಾಂತಿದೂತನೆಂದು ಹೊಗಳುವವರುಂಟು. ‘ಪಂಚತಂತ್ರವೆಂದರೆ ಕಪಟವನ್ನು ಕಲಿಸುವ ಪುಸ್ತಕ, ಅದರಲ್ಲಿ ಧರ್ಮವೆಲ್ಲಿಯದು’ ಎಂದು ಮೂಗು ಮುರಿಯುವವರೂ ಉಂಟು. ಮೊದಲಿನವರು ಕಡೆಯ ಪ್ರಕರಣವನ್ನು ಮಾತ್ರ ನೆನೆಯುವರು. ಎರಡನೆಯವರು ನಡುವಿನ ಪ್ರಕರಣವನ್ನು ಮಾತ್ರ ಓದಿರುವರು.

ಸಂಧಿವಿಗ್ರಹಿಯೆಂಬ ಹೆಸರಿನಲ್ಲಿ ಸಂಧಿಯೂ ವಿಗ್ರಹವೂ ಕೂಡಿಯೇ ಇರುವುದನ್ನು ಗಮನಿಸಬೇಕು. ಒಪ್ಪಂದಕ್ಕೊಬ್ಬನು, ಯುದ್ಧಕ್ಕೊಬ್ಬನು ಎಂದು ಆ ಕಾಲದವರು ಕೆಲಸವನ್ನು ಹಂಚಿರಲಿಲ್ಲ. ಆದರೆ ನಾಡುನಾಡಿನ ವ್ಯವಹಾರಕ್ಕೆ ಬೇರೆಬೇರೆ ಅಧಿಕಾರಿಗಳಿದ್ದರು. ಕನ್ನಡಸಂಧಿವಿಗ್ರಹಿ, ಲಾಳಸಂಧಿವಿಗ್ರಹಿ, ಇವರ ಮೇಲೆ ಹಿರಿಯ ಸಂಧಿವಿಗ್ರಹಿ ಎಂಬ ಹೆಸರುಗಳು ಚಾಲುಕ್ಯರ ಶಾಸನಗಳಲ್ಲಿ ಬರುವುವು. ಅರಸನು ಕೊಡುವ ದಾನಶಾಸನಗಳ ಬರಹಗಾರನೂ ಸಂಧಿವಿಗ್ರಹಿಯೇ ಆಗಿರಬೇಕೆಂಬ ನಿಯಮವನ್ನು ಮುಂದೆ ಅದೇ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ತನ್ನ ‘ಮಿತಾಕ್ಷರಾ’ದಲ್ಲಿ ಎತ್ತಿ ಹೇಳಿರುವನು. ಎಂದರೆ, ಭೂಮಿಯನ್ನು ಕೊಟ್ಟೆವೆಂದು ಬರೆಯುವ ಲೇಖಣಿಯೂ, ನೆರೆಯವನ ಭೂಮಿಯ ಮೇಲೆ ದಂಡು ಹೊರಟಿತೆಂದು ಬರೆಯುವ ಲೇಖಣಿಯೂ ಒಂದೇ. ಇಂಥ ಲೇಖಣಿಯನ್ನು ಹಿಡಿದವನಿಗೆ ಮಾತಿನ ಬೆಲೆಯು ತಿಳಿದಷ್ಟು ಬೇರೆ ಕವಿಗಳಿಗೆ ತಿಳಿದಿರಲಾರದು. ಆತನ ಗ್ರಂಥವನ್ನು ಓದುವಾಗ ಇದು ನೆನಪಿನಲ್ಲಿರಬೇಕು.

ಆತನ ಕಾಲವಾದರೂ ಸಾಧುವಾದುದಲ್ಲ. ಜಯಸಿಂಹನ ದೊಡ್ಡಪ್ಪನಾದ ಸತ್ಯಾಶ್ರಯನ ಆಳಿಕೆಯಲ್ಲಿ ಚೋಳರ ಸೇನೆಯು ಈ ನಾಡನ್ನು ಹೊಕ್ಕು, ಹೆಂಗಸರು ಮಕ್ಕಳೆನ್ನದೆ ಕೊಂದು ಸೂರೆಮಾಡಿತೆಂದು 1007ರ ಹೊಟ್ಟೂರ ಶಾಸನವು ಗೋಳಿಡುತ್ತದೆ. ಆ ಸೇನೆಯು 9 ಲಕ್ಷವೆಂದು ಅದರಲ್ಲಿ ಬರೆದಿದೆ. ನೊಂದವರು ಕೊಟ್ಟ ಲೆಕ್ಕವಾದುದರಿಂದ ಸಂಖ್ಯೆಯನ್ನು ನಂಬಬೇಕಾಗಿಲ್ಲ, ನೋವನ್ನು ನಂಬಬಹುದು. ಜಯಸಿಂಹನೂ ರಾಜೇಂದ್ರಚೋಳನೂ 1021ರ ಸುಮಾರಿಗೆ ಮಸ್ಕಿಯಲ್ಲಿ ಕಾದಿದರು. ಜಯವು ತನ್ನದೆಂದು ಚೋಳನು ತನ್ನ ಶಾಸನಗಳಲ್ಲಿ ಬರೆಯಿಸಿಕೊಂಡಿರುವನು. ಆ ಮೇಲೆ ತುಂಗಭದ್ರೆಯೇ ಎರಡು ರಾಜ್ಯಗಳ ನಡುವಣ ಎಲ್ಲೆಯಂತಾಯಿತು. ಇತ್ತ ನಮ್ಮ ಸೀಮೆಯಲ್ಲಿ ಅರಸನ ಅಕ್ಕನಾದ ಅಕ್ಕಾದೇವಿಯು ಕಿಸುಕಾಡು 70ನ್ನು ಆಳುತ್ತಿದ್ದಳು. ಸೂಡಿಯ ಶಾಸನವು ಆಕೆಯನ್ನು ರಣಭೈರವಿಯೆಂದು ಕೊಂಡಾಡುತ್ತದೆ. ಹೀಗೆ ತೆಂಕಣ ಗಡಿಯಲ್ಲಿ ಚೋಳನು, ಬಡಗಣದಲ್ಲಿ ಮಾಳವದ ಭೋಜನು, ಮನೆಯಲ್ಲಿ ರಣಭೈರವಿ. ಇವರ ನಡುವೆ ಕುಳಿತು, ಮಸ್ಕಿಯ ಕಾಳಗದ ತರುವಾಯ ಹತ್ತು ವರ್ಷಕ್ಕೆ, ಸಂಧಿವಿಗ್ರಹಿಯು ಪ್ರಾಣಿಗಳ ಕಥೆಯನ್ನು ಬರೆದನು. ಊರಿನಲ್ಲಿ ಹರಿಗೂ ಹರನಿಗೂ ಗುಡಿಗಳನ್ನು ಕಟ್ಟಿಸಿದನೆಂದು ಆತನೇ ಹೇಳಿಕೊಂಡಿರುವನು. ಎರಡು ದೇವರಿಗೂ ಎಡೆಯಿಟ್ಟವನು ಜೈನಕವಿಗಳಾದ ಪಂಪ ಪೊನ್ನರನ್ನೂ ಗೌರವದಿಂದ ನೆನೆದಿರುವನು. ಇದು ಬರಿಯ ಕವಿಸಮಯವೋ, ಆಸ್ಥಾನದ ರೂಢಿಯೋ, ಮನಸ್ಸಿನ ಔದಾರ್ಯವೋ, ವಾಚಕರು ತಮಗೆ ತೋರಿದಂತೆ ತಿಳಿಯಲಿ.

ಇನ್ನು ಗ್ರಂಥಕ್ಕೆ ಬರುವೆವು. ದುರ್ಗಸಿಂಹನು ಅನುಸರಿಸಿದುದು ಎಲ್ಲರೂ ಬಲ್ಲ ವಿಷ್ಣುಶರ್ಮನ ಪಾಠವನ್ನಲ್ಲ, ವಸುಭಾಗಭಟ್ಟನದನ್ನು. ಶಿವನು ಪಾರ್ವತಿಗೆ ಹೇಳಿದ ಕಥೆಯನ್ನು ಗಣನೊಬ್ಬನು ಕೇಳಿ, ಭೂಮಿಯಲ್ಲಿ ಗುಣಾಢ್ಯನಾಗಿ ಹುಟ್ಟಿ, ಪೈಶಾಚಭಾಷೆಯಲ್ಲಿ ‘ಬೃಹತ್ಕಥೆ’ಯನ್ನು ರಚಿಸಿದನು, ಅದರೊಳಗಿಂದ ವಸುಭಾಗನು ಐದು ಕಥೆಗಳನ್ನು ಆಯ್ದನು ಎಂಬುದು ಆತನು ಕೊಡುವ ಪರಂಪರೆ. ಈ ವಸುಭಾಗನ ಶಾಖೆಯೇ ಕಡಲು ದಾಟಿ ಜಾವಾ, ಸಯಾಮ್, ಲಾವೋಸ್ ದೇಶಗಳನ್ನು ಸೇರಿತೆಂಬುದನ್ನು ಮೈಸೂರಿನ ಪಂಡಿತರಾದ ಎ. ವೆಂಕಟಸುಬ್ಬಯ್ಯನವರು ಪಾಠಗಳನ್ನು ಹೋಲಿಸಿ ತೋರಿಸಿಕೊಟ್ಟರು. ಇನ್ನೊಂದು ಶಾಖೆಯು 6ನೆಯ ಶತಮಾನದಲ್ಲಿ ಪಾರಸಿಕರ ಪಹ್ಲವಿಗೂ, 8ನೆಯ ಶತಮಾನದಲ್ಲಿ ಅರಬ್ಬಿಗೂ ಹೋಗಿ, ‘ಕಲೀಲ ವ ದಿಮ್ನ’ ಎಂಬ ಹೆಸರಿನಿಂದ ಯುರೋಪನ್ನು ಮುಟ್ಟಿತು. ದಂಡು ಹೋಗದ ನಾಡಿಗೆಲ್ಲ ನಮ್ಮ ನರಿಗಳು ಹೋಗಿ ಬಂದವು. ಭಾರತದ ದೇಶಭಾಷೆಗಳಲ್ಲಿ ಈಗ ಉಳಿದಿರುವ ಪಂಚತಂತ್ರಗಳೊಳಗೆ ಕನ್ನಡದ ಇದೇ ಹಳೆಯದು.

ನಮ್ಮ ಪ್ರಶ್ನೆಗೆ ಮುಖ್ಯವಾದುದು ಪ್ರಕರಣಗಳ ಅನುಕ್ರಮ. ವಿಷ್ಣುಶರ್ಮನ ಪಾಠದಲ್ಲಿ ಮಿತ್ರಭೇದ, ಮಿತ್ರಲಾಭ, ಕಾಗೆಗೂಗೆಗಳ ಕಾಳಗ, ಲಬ್ಧಪ್ರಣಾಶ, ಅಪರೀಕ್ಷಿತಕಾರಿತ್ವ ಎಂದು ಕ್ರಮ. ದುರ್ಗಸಿಂಹನಲ್ಲಾದರೋ ಭೇದ, ಪರೀಕ್ಷೆ, ವಿಶ್ವಾಸ, ವಂಚನೆ, ಮಿತ್ರಕಾರ್ಯ. ಮೊದಲಿನದರಲ್ಲಿ ಸ್ನೇಹವು ಎರಡನೆಯ ಮನೆಯಲ್ಲಿಯೇ ಬಂದು ಹೋಗುತ್ತದೆ. ಅದರ ಹಿಂದೆ ಯುದ್ಧವೂ ನಷ್ಟವೂ ಪಶ್ಚಾತ್ತಾಪವೂ ಸಾಲುಗಟ್ಟಿ ನಿಲ್ಲುವುವು. ಎರಡನೆಯದರಲ್ಲಿ ಗ್ರಂಥವು ಸ್ನೇಹವು ಮುರಿಯುವಲ್ಲಿ ಮೊದಲಾಗಿ ಸ್ನೇಹವು ಕೂಡುವಲ್ಲಿ ಮುಗಿಯುತ್ತದೆ. ಈ ಕ್ರಮವು ವಸುಭಾಗನದೇ ಹೊರತು ದುರ್ಗಸಿಂಹನ ಕಲ್ಪನೆಯಲ್ಲವೆಂದು ಆಕ್ಷೇಪಿಸಬಹುದು, ಆಕ್ಷೇಪವು ಸರಿಯಾದುದೇ. ಆದರೆ ಆಯ್ಕೆಯೂ ಒಂದು ಅಭಿಪ್ರಾಯವೇ. ಹೆಸರಿನಲ್ಲಿಯೂ ಒಂದು ವಿಶೇಷವುಂಟು: ವಿಷ್ಣುಶರ್ಮನದು ಮಿತ್ರಲಾಭ, ಇಲ್ಲಿಯದು ಮಿತ್ರಕಾರ್ಯ. ಲಾಭವು ಕೈಗೆ ಬರತಕ್ಕುದು, ಕಾರ್ಯವು ಕೈಯಿಂದ ನಡೆಯತಕ್ಕುದು.

ಭೇದಪ್ರಕರಣದಲ್ಲಿ ಸಿಂಹಕ್ಕೂ ಎತ್ತಿಗೂ ಆದ ಗೆಳೆತನವನ್ನು ನರಿಯು ಕೆಡಿಸುವ ಕಥೆಯು ಎಲ್ಲರಿಗೂ ತಿಳಿದುದೇ. ವಾಚಕರು ಸಾಮಾನ್ಯವಾಗಿ ನರಿಯ ಜಾಣತನವನ್ನು ಮೆಚ್ಚಿ ಮುಂದೆ ಸಾಗುವರು. ನಾನು ಕೇಳುವುದು ಬೇರೆ. ಆ ಎರಡು ಪ್ರಾಣಿಗಳಿಗೆ ಹಗೆಯ ಕಾರಣವೇನಿದ್ದಿತು? ಗಡಿಯ ಜಗಳವಿಲ್ಲ, ಹೊಟ್ಟೆಯ ಜಗಳವಿಲ್ಲ. ಇವನ ಮಾತನ್ನು ಅವನಿಗೂ ಅವನ ಮಾತನ್ನು ಇವನಿಗೂ ಒಯ್ಯುವ ಒಬ್ಬನು ನಡುವೆ ಇದ್ದನು. ಆತನಿಗೆ ತನ್ನ ಕಳೆದುಹೋದ ಪದವಿಯು ಮರಳಿ ಬೇಕಾಗಿದ್ದಿತು. ಅಷ್ಟೇ ಸಾಕಾಯಿತು. ಮಾತನ್ನು ಒಯ್ಯುವುದೇ ತನ್ನ ವೃತ್ತಿಯಾಗಿದ್ದ ಕವಿಯು, ಅದೇ ವೃತ್ತಿಯವನನ್ನು ತನ್ನ ಮೊದಲನೆಯ ಕಥೆಯ ಖಳನನ್ನಾಗಿ ನಿಲ್ಲಿಸಿರುವನು. ಕಲ್ಯಾಣದ ಆಸ್ಥಾನದಲ್ಲಿ ಇದನ್ನು ಓದಿಸಿದಾಗ ಕೆಲವರ ಮುಖವು ಬಾಡಿರಬಹುದೆಂದು ಊಹಿಸುವುದು ಅತಿಯಾಗಲಾರದು.

ಪರೀಕ್ಷಾಪ್ರಕರಣವು ಚಿಕ್ಕದು. ಬ್ರಾಹ್ಮಣನು ಮುಂಗುಲಿಯ ಬಾಯಲ್ಲಿ ರಕ್ತವನ್ನು ಕಂಡು, ಮಗುವನ್ನು ತಿಂದಿತೆಂದು ಅದನ್ನು ಕೊಂದು, ಒಳಗೆ ಹೋಗಿ ನೋಡಿದರೆ ಮಗು ನಗುತ್ತಿದೆ, ಹಾವು ಸತ್ತು ಬಿದ್ದಿದೆ. ರಕ್ತವು ಸುಳ್ಳಲ್ಲ, ಅದು ಯಾರ ರಕ್ತವೆಂದು ಕೇಳದಿರುವುದೇ ಇಲ್ಲಿಯ ಪಾಪ. ಇರಾಕಿನಲ್ಲಿ ಸಾಮೂಹಿಕ ಸಂಹಾರದ ಆಯುಧಗಳಿವೆಯೆಂದು ಸಾರಿ 2003ರಲ್ಲಿ ದೊಡ್ಡ ರಾಷ್ಟ್ರಗಳು ದಂಡೆತ್ತಿಹೋದುದೂ, ತರುವಾಯ ಹುಡುಕಿದಾಗ ಅಂಥ ಸಂಗ್ರಹಗಳೇ ಸಿಕ್ಕದಿದ್ದುದೂ ನಮ್ಮ ಕಣ್ಣಮುಂದಿನ ಸಂಗತಿ. ಬ್ರಾಹ್ಮಣನಾದರೂ ಅತ್ತನು.

ಎಡವುವ ಸ್ಥಳವು ವಿಶ್ವಾಸಪ್ರಕರಣ. ಗೂಗೆಗಳು ರಾತ್ರಿಯಲ್ಲಿ ಬಂದು ಕಾಗೆಗಳನ್ನು ಕೊಲ್ಲುವುವು. ಕಾಗೆಗಳ ಅರಸನು ಮಂತ್ರಿಗಳನ್ನು ಕರೆದು ಕೇಳಲು, ಒಬ್ಬನು ಸಂಧಿಯೆನ್ನುವನು, ಒಬ್ಬನು ವಿಗ್ರಹವೆನ್ನುವನು, ಒಬ್ಬನು ಊರು ಬಿಡೋಣವೆನ್ನುವನು, ಒಬ್ಬನು ಇದ್ದಲ್ಲಿಯೇ ಬಲಿಯೋಣವೆನ್ನುವನು. ವೃದ್ಧಮಂತ್ರಿಯ ಉಪಾಯವೇ ಬೇರೆ: ತನ್ನ ಗರಿಗಳನ್ನು ಕಿತ್ತು ಹೊರಗೆ ಹಾಕಿಸಿಕೊಂಡು, ನೊಂದವನಂತೆ ಗೂಗೆಗಳ ಮರೆಹೊಕ್ಕು, ಅವುಗಳ ಗುಹೆಯ ಬಾಯಲ್ಲಿ ಕಡ್ಡಿಗಳನ್ನು ಒಟ್ಟಿ, ಕಡೆಗೆ ಬೆಂಕಿಯಿಡಿಸಿ ಕುಲವನ್ನೇ ಸುಡಿಸುತ್ತಾನೆ. ಇದಕ್ಕೆ ವಿಶ್ವಾಸವೆಂದು ಹೆಸರು! ಗೂಗೆಗಳ ಮಂತ್ರಿಗಳೊಳಗೆ ಒಬ್ಬನು ಮಾತ್ರ ಇವನನ್ನು ನಂಬಬೇಡಿರೆಂದು ಕೂಗಿಕೊಂಡನು. ಉಳಿದವರು ಶರಣಾಗತನನ್ನು ಕಾಯುವುದು ಧರ್ಮವೆಂದರು. ಧರ್ಮವನ್ನು ನುಡಿದವರೆಲ್ಲ ಬೆಂದರು.

ಈ ಪ್ರಕರಣವನ್ನು ಮರೆಯಿಸಿ ದುರ್ಗಸಿಂಹನಿಗೆ ಶಾಂತಿದೂತನ ಪಟ್ಟವನ್ನು ಕಟ್ಟುವುದು ಪ್ರಾಮಾಣಿಕತೆಯಲ್ಲ. ಆತನ ಮತದಲ್ಲಿ ಸಂಧಿಯೆಂಬುದು ಆರು ಗುಣಗಳಲ್ಲಿ ಒಂದು. ಬೇಕಾದಾಗ ತೊಟ್ಟು ಬೇಡವಾದಾಗ ಕಳಚಬಹುದಾದ ಅಂಗಿ. ಅಹಿಂಸೆಯನ್ನು ಆತನು ನೀತಿಯ ಮೂಲವೆಂದು ಎಲ್ಲಿಯೂ ಸ್ಥಾಪಿಸಿಲ್ಲ. ಸಂಸ್ಕೃತದ ಪ್ರಚಲಿತ ಪಾಠಗಳಲ್ಲಿ ದೊರೆಯದ ಕೆಲವು ಕಥೆಗಳು ಆತನಲ್ಲಿವೆ, ಅವುಗಳಲ್ಲಿ ಜೈನತತ್ತ್ವದ ಛಾಯೆಯೂ ಇದೆ. ಆದರೆ ಛಾಯೆಯಿಂದ ಮರವನ್ನು ನೆಡಲಾಗದು. ಹಾಗೆಂದು ಆತನು ಕಪಟದ ಗುರುವೂ ಅಲ್ಲ. ಕಾಗೆಗಳಿಗೂ ಗೂಗೆಗಳಿಗೂ ವೈರವು ಹುಟ್ಟಿದ ಬಗೆಯನ್ನು ನೋಡಿರಿ. ಪಕ್ಷಿಗಳೆಲ್ಲ ಕೂಡಿ ಗೂಗೆಗೆ ಪಟ್ಟಕಟ್ಟುವ ಹೊತ್ತಿಗೆ ಕಾಗೆಯೊಂದು ಬಂದು ಅದರ ಮುಖವನ್ನು ಹಳಿದು ಪಟ್ಟವನ್ನು ತಪ್ಪಿಸಿತು. ಸಭೆಯಲ್ಲಿ ಆಡಿದ ಒಂದು ಮಾತಿಗೆ ಎರಡು ಕುಲಗಳು ತಲೆಮಾರುಗಳವರೆಗೆ ಸತ್ತವು. ಬೆಂಕಿಯನ್ನಿಟ್ಟ ಮಂತ್ರಿಯ ಜಾಣತನವು ಗ್ರಂಥದಲ್ಲಿ ಎಷ್ಟು ಹಾಳೆಗಳನ್ನು ತಿಂದರೂ, ಅದಕ್ಕೆ ಬೀಜವಾದ ಈ ಮಾತಿನ ದೋಷವನ್ನು ಕವಿಯು ಅಳಿಸಿಲ್ಲ. ಓಲೆಯನ್ನು ಬರೆಯುವವನಿಗೆ ಇದಕ್ಕಿಂತ ಹತ್ತಿರದ ಭಯವು ಮತ್ತೊಂದಿರಲಾರದು. ಮೊಸಳೆಯ ಬೆನ್ನೇರಿದ ಕಪಿಯ ಕಥೆಯನ್ನುಳ್ಳ ವಂಚನಾಪ್ರಕರಣವು ಇದೇ ಭಯದ ಇನ್ನೊಂದು ಮುಖ. ಅದನ್ನು ಇಲ್ಲಿ ಬೆಳೆಯಿಸುವುದಿಲ್ಲ.

ಮಿತ್ರಕಾರ್ಯದಲ್ಲಿ ಗ್ರಂಥದ ದನಿಯು ಬದಲಾಗುತ್ತದೆ. ಬಲೆಯಲ್ಲಿ ಬಿದ್ದ ಪಾರಿವಾಳಗಳು ಒಂದಾಗಿ ಬಲೆಯನ್ನೇ ಹೊತ್ತು ಹಾರುವುವು. ಇಲಿಯು ನೂಲುಗಳನ್ನು ಕಡಿಯುವುದು. ಅದನ್ನು ನೋಡಿದ ಕಾಗೆಯು ಇಲಿಯ ಸ್ನೇಹವನ್ನು ಬೇಡುವುದು. ಇಲಿಯು ಒಪ್ಪುವುದಿಲ್ಲ. ನಾನು ನಿನಗೆ ಆಹಾರ, ನೀನು ನನಗೆ ಮೃತ್ಯು, ಸ್ನೇಹವೆಂತಹುದು ಎಂಬುದೇ ಅದರ ವಾದದ ತಿರುಳು. ಬಿಲದ ಬಾಯಲ್ಲಿ ನಿಂತು ಬಹಳ ಹೊತ್ತು ಚರ್ಚೆ ನಡೆಯುತ್ತದೆ. ಇಲ್ಲಿ ಮೊದಲಿನ ನಾಲ್ಕು ಪ್ರಕರಣಗಳೂ ಉಪಯೋಗಕ್ಕೆ ಬರುವುದನ್ನು ವಾಚಕರು ಗಮನಿಸಬೇಕು. ಇಲಿಯು ಭೇದವನ್ನು ಬಲ್ಲದು, ಪರೀಕ್ಷಿಸುತ್ತದೆ, ಬರಿಯ ವಿಶ್ವಾಸದಿಂದ ಕುಲವು ಬೇಯುವುದೆಂಬುದನ್ನೂ ಬಲ್ಲದು. ಎಲ್ಲವನ್ನೂ ಬಲ್ಲದ್ದಾಗಿಯೂ ಕಡೆಗೆ ಬಿಲದಿಂದ ಹೊರಗೆ ಬರುತ್ತದೆ. ಮುಂದೆ ಆಮೆಯೂ ಜಿಂಕೆಯೂ ಕೂಡಿ, ಒಂದರ ಕಟ್ಟನ್ನು ಮತ್ತೊಂದು ಬಿಡಿಸುವುವು. ಇದು ಕಾಗೆಯ ಸ್ವಭಾವವು ಬದಲಾದ ಕಥೆಯಲ್ಲ. ಸ್ವಭಾವದಿಂದ ಹಗೆಗಳಾದವರು ಕೆಲಸದಿಂದ ಮಿತ್ರರಾದ ಕಥೆ. ಅಳುಕುವ ಇಲಿಯನ್ನು ಹೇಡಿಯೆಂದು ಕವಿಯು ಹಳಿಯದೆ ಅದರ ವಾದಕ್ಕೆ ಸಾವಧಾನವಾಗಿ ಎಡೆಗೊಟ್ಟಿರುವುದೇ ಈ ಭಾಗದ ಸೊಗಸು. ಈ ಸಾವಧಾನವು ಕಾರ್ಯಾಲಯದಲ್ಲಿ ಕಲಿತದ್ದೆಂದು ನನಗೆ ತೋರುತ್ತದೆ.

ಈ ವಿಚಾರವನ್ನು ಒರೆಹಚ್ಚಲು ದೂರ ಹೋಗಬೇಕಾಗಿಲ್ಲ. ನರಗುಂದದ ಭಾವೆಯವರ ಸಂಸ್ಥಾನದ ಮೇಲೆ 1785ರಲ್ಲಿ ಟಿಪ್ಪುಸುಲ್ತಾನನು ದಂಡನ್ನು ಕಳಿಸಿದುದರಿಂದ ಹೊತ್ತಿದ ಮರಾಠಾ-ಮೈಸೂರು ಯುದ್ಧವು 1787ರಲ್ಲಿ ನಿಂತುದು ಗಜೇಂದ್ರಗಡದ ಸಂಧಿಯಿಂದಲೇ. ಬಾದಾಮಿ, ನರಗುಂದ, ಕಿತ್ತೂರುಗಳು ಮರಾಠರ ಪಾಲಾದವು. ಅದವಾನಿಯು ನಿಜಾಮನಿಗೆ ಮರಳಿತು. ಸುಲ್ತಾನನು ಹಿಂದಿನ ಕಪ್ಪದ ಬಾಕಿಯಾಗಿ ಬಹು ಲಕ್ಷ ರೂಪಾಯಿಗಳನ್ನು ಒಪ್ಪಿಕೊಂಡನು. ಕಾಗದದಲ್ಲಿ ಯಾವ ಕೊರತೆಯೂ ಕಾಣದು. ಆದರೆ 1790ರಲ್ಲಿ ಅದೇ ಮರಾಠರೂ ನಿಜಾಮನೂ ಇಂಗ್ಲಿಷರೊಡನೆ ಕೂಡಿ ಅದೇ ಟಿಪ್ಪುವಿನ ಮೇಲೆ ಹೊರಟರು. ಮೂರು ವರ್ಷದ ಸಂಧಿ! ದುರ್ಗಸಿಂಹನ ಮಾತಿನಲ್ಲಿ ಅಲ್ಲಿ ಲಾಭವಿದ್ದಿತು, ಕಾರ್ಯವಿರಲಿಲ್ಲ. ಊರುಗಳು ಕೈಬದಲಾದವು, ಒಬ್ಬರ ಕಟ್ಟನ್ನು ಮತ್ತೊಬ್ಬರು ಬಿಡಿಸುವಂಥ ಒಂದು ಕೆಲಸವೂ ಕೂಡಿ ನಡೆಯಲಿಲ್ಲ. ಕೋಟೆಯಡಿಯ ಹಳ್ಳಿಗಳವರಿಗೆ ಆ ಮೂರು ವರ್ಷಗಳ ಬೆಳೆಯಾದರೂ ಮನೆಗೆ ಬಂದಿತೆಂಬುದನ್ನು ಮಾತ್ರ ಸಣ್ಣದೆನ್ನಲಾಗದು.

ಸ್ವತಂತ್ರ ಭಾರತದ ಮೊದಲ ಪ್ರಧಾನಿಯೇ ವಿದೇಶಾಂಗವನ್ನೂ ನಡೆಯಿಸಿದನು. ಜವಾಹರಲಾಲ ನೆಹರೂರವರ ಕಾಲದಲ್ಲಿ, 1954ರ ಏಪ್ರಿಲ್ 29ರಂದು ಚೀನದೊಡನೆ ಟಿಬೆಟ್ಟಿನ ವ್ಯವಹಾರಕ್ಕಾಗಿ ಆದ ಒಡಂಬಡಿಕೆಯಲ್ಲಿ ಪಂಚಶೀಲದ ಐದು ಸೂತ್ರಗಳು ಸೇರಿದವು. ಪರಸ್ಪರ ಗೌರವ, ಅನಾಕ್ರಮಣ, ಒಳಾಡಳಿತದಲ್ಲಿ ಕೈಯಿಕ್ಕದಿರುವುದು, ಸಮಾನತೆ, ಶಾಂತಿಯಿಂದ ಕೂಡಿ ಬಾಳುವುದು: ಒಂದೊಂದೂ ಉದಾತ್ತವಾದುದೇ. 1962ರಲ್ಲಿ ಅದೇ ಗಡಿಯಲ್ಲಿ ಯುದ್ಧವಾಯಿತು. ಪಂಚಶೀಲವನ್ನು ಪಂಚತಂತ್ರದ ಮಗ್ಗುಲಲ್ಲಿಟ್ಟು ನೋಡಿದರೆ, ಪರೀಕ್ಷೆಯೆಂಬ ಸೂತ್ರವು ಮೊದಲಿನದರಲ್ಲಿ ಇಲ್ಲದಿರುವುದು ಕಣ್ಣಿಗೆ ಬೀಳುತ್ತದೆ. ಇದರಿಂದ ಪಂಚಶೀಲವು ಹುಸಿಯೆಂದು ಹೇಳತಕ್ಕವರು ನಾವಲ್ಲ. ಅದೇ ನೆಹರೂರವರ ಕಾಲದಲ್ಲಿ ಪರೀಕ್ಷೆಯೇ ಪ್ರಾಣವಾಗಿದ್ದ ಒಂದು ಶಾಂತಿಕಾರ್ಯವೂ ನಡೆಯಿತು. ಕೊರಿಯದ ಯುದ್ಧವು 1953ರಲ್ಲಿ ನಿಂತಾಗ, ತಾಯ್ನಾಡಿಗೆ ಮರಳಲೊಲ್ಲದ 22,000ಕ್ಕೂ ಹೆಚ್ಚು ಸೆರೆಯಾಳುಗಳ ಪ್ರಶ್ನೆಯು ಉಳಿಯಿತು. ಭಾರತ, ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಗಳ ತಟಸ್ಥ ಆಯೋಗಕ್ಕೆ ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯನವರು ಅಧ್ಯಕ್ಷರಾದರು. ಎರಡು ಪಕ್ಷಗಳೂ ತಮ್ಮ ಮಾತೇ ಸೆರೆಯಾಳಿನ ಮಾತೆಂದು ಕೂಗುತ್ತಿರುವಾಗ, ಅವನನ್ನೇ ಕೇಳಿ ತಿಳಿಯುವ ಕಷ್ಟದ ಕೆಲಸವು ಅವರ ಪಾಲಿಗೆ ಬಂದಿತು. ಅದು ಪೂರ್ತಿಯಾಗಿ ನೆರವೇರಲಿಲ್ಲ; ಬಹಳ ಮಂದಿ ವಿಚಾರಣೆಯಿಲ್ಲದೆಯೇ ಹಿಂದಕ್ಕೆ ಒಪ್ಪಿಸಲ್ಪಟ್ಟರು. ಆದರೂ ಸೆರೆಮನೆಯ ಆ ಬಾಗಿಲಲ್ಲಿ ಭಾರತದ ಸಿಪಾಯಿಗಳು ನಿಂತುದು ನರಿಯ ಕೆಲಸಕ್ಕಲ್ಲ, ಇಲಿಯ ಕೆಲಸಕ್ಕೆ.

ಕನ್ನಡಿಗರೊಬ್ಬರು ಆ ಪದವಿಯಲ್ಲಿ ಕುಳಿತ ಪ್ರಸಂಗವೂ ಉಂಟು. ಮಂಡ್ಯ ಸೀಮೆಯ ಸೋಮನಹಳ್ಳಿಯ ಎಸ್. ಎಂ. ಕೃಷ್ಣರವರು 2009ರಿಂದ 2012ರವರೆಗೆ ವಿದೇಶಾಂಗ ಮಂತ್ರಿಗಳಾಗಿದ್ದರು. ಅವರ ಪ್ರಯಾಣಗಳಲ್ಲಿ ಸದ್ದಾದವುಗಳನ್ನು ಬಿಟ್ಟು, 2012ರ ಸೆಪ್ಟೆಂಬರಿನಲ್ಲಿ ಇಸ್ಲಾಮಾಬಾದಿನಲ್ಲಿ ಅವರು ಸಹಿಮಾಡಿದ ವೀಸಾ ಒಪ್ಪಂದವನ್ನು ನಾನು ಇಲ್ಲಿ ನೆನೆಯುತ್ತೇನೆ. 65 ವರ್ಷ ಮೀರಿದ ಮುದುಕರು ಗಡಿಯ ಬಾಗಿಲಿಗೆ ಬಂದರೆ ಅಲ್ಲಿಯೇ ಪ್ರವೇಶದ ಅನುಮತಿ ಕೊಡತಕ್ಕುದೆಂಬುದು ಅದರೊಳಗಿನ ಒಂದು ಮಾತು. ಒಡೆದ ಮನೆಗಳ ಮುದುಕರಿಗೆ ಹುಟ್ಟಿದ ಊರನ್ನು ಸಾಯುವ ಮುನ್ನ ನೋಡುವ ಹಾದಿ. 2013ರ ಜನವರಿಯಲ್ಲಿ ಗಡಿರೇಖೆಯ ಮೇಲೆ ರಕ್ತ ಬಿದ್ದಿತು. ಆ ಏರ್ಪಾಡು ಆರಂಭದ ಹೊತ್ತಿಗೇ ತಡೆಯಲ್ಪಟ್ಟಿತು. ನೂಲನ್ನು ಕಡಿಯಲು ಹಲ್ಲಿಟ್ಟ ಇಲಿಯು ಮರಳಿ ಬಿಲವನ್ನು ಹೊಕ್ಕಿತು. ಅದು ಹೊಕ್ಕುದು ತಪ್ಪೆಂದು ದುರ್ಗಸಿಂಹನು ಹೇಳುತ್ತಿರಲಿಲ್ಲ. ಚರ್ಚೆಯು ಬಿಲದ ಬಾಯಲ್ಲಿಯೇ ನಿಂತುಹೋಗಬೇಕೆಂದೂ ಹೇಳುತ್ತಿರಲಿಲ್ಲ.

ಕಾವ್ಯದ ದೋಷಗಳನ್ನು ಮುಚ್ಚಿಡುವುದು ವಿಮರ್ಶೆಯ ಧರ್ಮವಲ್ಲ. ದುರ್ಗಸಿಂಹನ ಚಂಪುವು ಸಂಸ್ಕೃತಭೂಯಿಷ್ಠವಾದುದು. ನರಿಯು ಬಾಯ್ದೆರೆದರೆ ಸಮಾಸಗಳು ಸುರಿಯುವುವು. ವರ್ಣನೆಗಳು ಕಥೆಯ ಕಾಲನ್ನು ಕಟ್ಟುವುವು. ನೀತಿಶ್ಲೋಕಗಳ ರಾಶಿಯು ಕೆಲವೆಡೆ ಪ್ರಾಣಿಗಳನ್ನೇ ಮರೆಮಾಡುವುದು. ಪಂಪನ ನಡೆಯನ್ನು ಕಂಡವರಿಗೆ ಇದು ಭಾರವೆನಿಸುವುದರಲ್ಲಿ ಆಶ್ಚರ್ಯವಿಲ್ಲ. ಸಂಧಿವಿಗ್ರಹಿಯ ಶಾಸನದ ಗದ್ಯವು ಕವಿಯ ಕೈಯನ್ನು ಬಿಡಲಿಲ್ಲವೆಂದು ಹೇಳಬಹುದು. ಇಷ್ಟು ಒಳ್ಳೆಯ ಗ್ರಂಥವು ನಮ್ಮ ಮನೆಗಳಲ್ಲಿ ಪರೀಕ್ಷೆಯ ಪಠ್ಯವಾಗಿ ಬಂದು, ಪರೀಕ್ಷೆಯಾದೊಡನೆ ಮಾಡಿನ ಮೇಲೇರುವುದಕ್ಕೆ ಇದೇ ಕಾರಣ. ಕಡೆಯ ಪ್ರಕರಣವೊಂದನ್ನಾದರೂ, ಮೂಲವನ್ನು ಎಡಗಡೆಗೂ ತಿಳಿಗನ್ನಡವನ್ನು ಬಲಗಡೆಗೂ ಇಟ್ಟು ಸಂಘದವರು ಅಚ್ಚುಹಾಕಿಸುವುದಾದರೆ, ಸವಡಿಯ ಮಂತ್ರಿಯ ಮಾತು ಪುರ್ತಗೇರಿಯ ವಾಚಕರಿಗೆ ನೇರಾಗಿ ಮುಟ್ಟೀತು. ನಡುವೆ ನನ್ನಂಥ ಓಲೆಕಾರನು ಬೇಕಾಗಲಾರನು.